ವ್ಯುನ್ಸ್‌ಡೋರ್ಫ್ ದಂಡು: ಪದೇ ಪದೇ ಕೇಳುವ ಪ್ರಶ್ನೆಗಳು

ಬರ್ಲಿನ್ನಿಗೆ ಬಂದ ನೆಂಟರಿಷ್ಟರು ಬ್ರಾಂಡೆನ್‌ಬುರ್ಗ್ ಬಾಗಿಲು ನೋಡಿ, ಒಡೆದ ಗೋಡೆಯ ಮುಂದೆ ಫೋಟೋ ತೆಗೆಸಿಕೊಂಡು, ಎರಡನೇ ದಿನಕ್ಕೇ "ಇನ್ನೇನಿದೆ ಇಲ್ಲಿ?" ಅಂತ ಶುರು ಮಾಡುತ್ತಾರೆ. ಆಗ ನಾನು ವ್ಯುನ್ಸ್‌ಡೋರ್ಫ್ ಹೆಸರು ಎತ್ತುತ್ತೇನೆ. ಯಾರೂ ಕೇಳಿರುವುದಿಲ್ಲ. ಹೋಗಿ ಬಂದ ಮೇಲೆ ಮಾತ್ರ ಪ್ರಶ್ನೆಗಳು ನಿಲ್ಲುವುದೇ ಇಲ್ಲ. ಹೆಚ್ಚುಕಡಿಮೆ ಎಲ್ಲರೂ ಕೇಳುವುದು ಅವೇ ಪ್ರಶ್ನೆಗಳನ್ನಾದ್ದರಿಂದ ಒಂದು ಕಡೆ ಬರೆದಿಟ್ಟಿದ್ದೇನೆ.

ಈ ವ್ಯುನ್ಸ್‌ಡೋರ್ಫ್ ಎಲ್ಲಿದೆ? ಅದರಲ್ಲೇನು ವಿಶೇಷ?

ಬರ್ಲಿನ್ನಿನಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್. ಬ್ರಾಂಡೆನ್‌ಬುರ್ಗ್ ರಾಜ್ಯದ ಒಂದು ಹಳ್ಳಿ. 2003ರಿಂದ ಪಕ್ಕದ ತ್ಸೋಸೆನ್ ಪಟ್ಟಣಕ್ಕೆ ಸೇರಿದೆ. ಕೆರೆ, ಪೈನ್ ಕಾಡು, ಮರಳು ನೆಲ. ನೋಡಿದರೆ ಪಿಕ್ನಿಕ್ ಜಾಗ.

ವಿಶೇಷ ಏನೆಂದರೆ, ಕೈಸರನ (ಜರ್ಮನ್ ಚಕ್ರವರ್ತಿಯ) ಸೇನೆ, ಮೊದಲ ಮಹಾಯುದ್ಧದ ನಂತರದ ವೈಮಾರ್ ಗಣರಾಜ್ಯದ ಸೇನೆ, ಹಿಟ್ಲರನ ಸೇನೆ, ಸೋವಿಯತ್ ಸೇನೆ, ಕೊನೆಗೆ ರಷ್ಯದ ಸೇನೆ, ಇಷ್ಟೂ ಒಂದರ ಹಿಂದೆ ಒಂದು ಇದೇ ಕಟ್ಟಡಗಳಲ್ಲಿ ಬಿಡಾರ ಹೂಡಿದವು. 1910ರ ಸುಮಾರಿನಿಂದ 1994ರವರೆಗೆ ಬಾವುಟ ಬದಲಾಯಿತು, ಭಾಷೆ ಬದಲಾಯಿತು, ಬೇಲಿ ಮಾತ್ರ ಹಾಗೇ ಇತ್ತು. ಊರಿನವರು ಆ ಬೇಲಿಯ ಹೊರಗೇ ಹುಟ್ಟಿ, ಹೊರಗೇ ಮುದುಕರಾದರು.

ಅಷ್ಟೊಂದು ಜಾಗವಿದ್ದೂ ಸೇನೆ ಇಲ್ಲಿಗೇ ಯಾಕೆ ಬಂತು?

ರೈಲಿನಿಂದಾಗಿ. ಬರ್ಲಿನ್–ಡ್ರೆಸ್ಡೆನ್ ಮಾರ್ಗ 1875ರಲ್ಲಿ ಈ ಕಡೆಯಿಂದ ಹಾದುಹೋಯಿತು. ಅದೇ ವರ್ಷ, ಆಗಿನ ಜರ್ಮನಿಯ ದೊಡ್ಡ ರಾಜ್ಯವಾದ ಪ್ರಷ್ಯದ ಸೇನೆ ತನ್ನದೇ ಒಂದು ರೈಲು ಹಾಕಿಕೊಂಡಿತು: ಬರ್ಲಿನ್ನಿನ ಷ್ಯೋನೆಬೆರ್ಗ್‌ನಿಂದ ತ್ಸೋಸೆನ್ ಮೇಲೆ ಕುಮ್ಮರ್ಸ್‌ಡೋರ್ಫ್‌ನ ಫಿರಂಗಿ ಪರೀಕ್ಷಾ ಮೈದಾನಕ್ಕೆ. ಯುದ್ಧ ಬಂದಾಗ ರೈಲು ಓಡಿಸುವುದನ್ನು ಸೈನಿಕರಿಗೆ ಕಲಿಸುವುದೂ ಅದರ ಕೆಲಸಗಳಲ್ಲಿ ಒಂದು.

ಈ ಮಿಲಿಟರಿ ರೈಲಿಗೆ ಇನ್ನೊಂದು ಹಿರಿಮೆಯಿದೆ. 1903ರ ಅಕ್ಟೋಬರ್‌ನಲ್ಲಿ ಮರಿಯೆನ್‌ಫೆಲ್ಡೆ–ತ್ಸೋಸೆನ್ ನಡುವೆ ವಿದ್ಯುತ್ ಬೋಗಿಯೊಂದು ಗಂಟೆಗೆ 210 ಕಿಲೋಮೀಟರ್ ವೇಗದಲ್ಲಿ ಓಡಿತು. ಇಸವಿಯನ್ನು ಇನ್ನೊಮ್ಮೆ ನೋಡಿ, 1903! ಎಂಜಿನಿಯರ್ ನೆಂಟರು ಬಂದರೆ ನಾನು ಮೊದಲು ಹೇಳುವುದು ಇದನ್ನೇ. ಅವರು ಮೊಬೈಲ್ ತೆಗೆದು ನಿಜವೋ ಸುಳ್ಳೋ ಅಂತ ನೋಡಿಕೊಂಡೇ ಮುಂದೆ ನಡೆಯುವುದು.

ರೈಲು ಒಂದಾಯಿತು. ಇನ್ನು ನೆಲ. ಮರಳು ಮಣ್ಣಿನಲ್ಲಿ ಬೆಳೆ ಕಡಿಮೆ, ಹಾಗಾಗಿ ಬೆಲೆಯೂ ಕಡಿಮೆ. ಮಳೆ ಬಂದರೆ ನೀರು ಇಂಗುತ್ತದೆ, ಕವಾಯತು ನಿಲ್ಲುವುದಿಲ್ಲ. ರಾಜಧಾನಿಗೆ ಹತ್ತಿರ, ಆದರೆ ಗುಂಡಿನ ಸದ್ದು ಅಲ್ಲಿಗೆ ಮುಟ್ಟದಷ್ಟು ದೂರ.

ತರಬೇತಿ ಮೈದಾನ, ಬ್ಯಾರಕ್ಸು ಎರಡೂ ಒಂದೇನಾ?

ಅಲ್ಲ. ಜರ್ಮನರು ಎರಡಕ್ಕೂ ಬೇರೆ ಬೇರೆ ಪದ ಬಳಸುತ್ತಾರೆ. ತರಬೇತಿ ಮೈದಾನ ಅಂದರೆ ಪಡೆಗಳು ಸರದಿಯ ಮೇಲೆ ಬಂದು, ಗುಂಡು ಹೊಡೆದು, ಕಂದಕ ತೋಡಿ, ಅಣಕು ಯುದ್ಧ ಮಾಡಿ ಹಿಂದಿರುಗುವ ವಿಶಾಲ ಬಯಲು. ಬ್ಯಾರಕ್ಸ್ ಅಂದರೆ ಸೈನಿಕರು ವರ್ಷಗಟ್ಟಲೆ ಇರುವ ವಸತಿ. ಅದರ ಜೊತೆಗೆ ಲಾಯ, ಅಡುಗೆಮನೆ, ಆಸ್ಪತ್ರೆ, ಅಧಿಕಾರಿಗಳ ಮನೆ ಎಲ್ಲ ಬಂದವು. ನಮ್ಮಲ್ಲಿ ಹಳಬರು "ದಂಡು" ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರಲ್ಲ, ಹೆಚ್ಚುಕಡಿಮೆ ಅದು.

ವ್ಯುನ್ಸ್‌ಡೋರ್ಫ್‌ನಲ್ಲಿ ಎರಡೂ ಒಟ್ಟಿಗೆ ಬೆಳೆದವು. 1910ರ ಸುಮಾರಿಗೆ ತ್ಸೋಸೆನ್ ತರಬೇತಿ ಮೈದಾನ ಸಿದ್ಧವಾಯಿತು. ಅದರ ಅಂಚಿಗೇ ಬ್ಯಾರಕ್ಸುಗಳು, ಪದಾತಿ ದಳದವರಿಗೆ ಗುರಿ ಹೊಡೆಯಲು ಕಲಿಸುವ ಶಾಲೆ, ಆಮೇಲೆ ಮಿಲಿಟರಿ ವ್ಯಾಯಾಮ ಶಾಲೆ. ಮೈದಾನಕ್ಕಾಗಿ ತ್ಸೇರೆನ್ಸ್‌ಡೋರ್ಫ್ ಅನ್ನುವ ಹಳ್ಳಿಯನ್ನೇ ಎಬ್ಬಿಸಿದರು. ಅಣೆಕಟ್ಟಿಗೆ ಊರು ಬಿಟ್ಟವರ ಕಥೆ ಕೇಳಿ ಬೆಳೆದ ನಮಗೆ ಇದು ಹೊಸದೇನಲ್ಲ. ಆ ಹಳ್ಳಿಯ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಲ್ಲಿ "ಮಸೀದಿ ಬೀದಿ" ಅಂತ ಒಂದು ರಸ್ತೆ ಇದೆಯಲ್ಲ, ಮಸೀದಿ ಎಲ್ಲಿ?

ಈಗಿಲ್ಲ. ಇದ್ದದ್ದು ಹತ್ತು ವರ್ಷ ಮಾತ್ರ. ಆದರೆ ಜರ್ಮನಿಯ ನೆಲದಲ್ಲಿ ನಮಾಜಿಗಾಗಿಯೇ ಕಟ್ಟಿದ ಮೊದಲ ಮಸೀದಿ ಅದು. ಕಟ್ಟಿಸಿದವರು ಭಕ್ತರಲ್ಲ, ಸೇನೆ.

ನಡೆದದ್ದು ಹೀಗೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ತುರ್ಕಿ ಜರ್ಮನಿಯ ಪಕ್ಷ ಸೇರಿತು. ನವೆಂಬರ್‌ನಲ್ಲಿ ಸುಲ್ತಾನ ಜಿಹಾದ್ ಸಾರಿದ. ಬ್ರಿಟನ್, ಫ್ರಾನ್ಸ್, ರಷ್ಯ ಮೂರರ ಸೇನೆಯಲ್ಲೂ ಮುಸ್ಲಿಮ್ ಸಿಪಾಯಿಗಳಿದ್ದರು. ಸೆರೆಸಿಕ್ಕ ಅವರ ಮನಸ್ಸು ತಿರುಗಿಸಿ ಅವರ ಯಜಮಾನರ ಮೇಲೆಯೇ ಛೂ ಬಿಡಬಹುದೆಂದು ಬರ್ಲಿನ್ ಲೆಕ್ಕ ಹಾಕಿತು. ಈ ಯೋಜನೆಯ ಹಿಂದಿದ್ದವನು ಮಾಕ್ಸ್ ಫಾನ್ ಓಪನ್‌ಹೈಮ್ ಎಂಬ ಪುರಾತತ್ವಪ್ರಿಯ ರಾಜತಾಂತ್ರಿಕ. ಅದಕ್ಕಾಗಿ ವ್ಯುನ್ಸ್‌ಡೋರ್ಫ್‌ನಲ್ಲಿ "ಅರ್ಧಚಂದ್ರ ಶಿಬಿರ", ತ್ಸೋಸೆನ್‌ನಲ್ಲಿ "ದ್ರಾಕ್ಷಿಗುಡ್ಡದ ಶಿಬಿರ" ಎಂಬ ಎರಡು ವಿಶೇಷ ಕೈದಿ ಶಿಬಿರಗಳು ಎದ್ದವು. ಊಟದಲ್ಲಿ ಹಂದಿಮಾಂಸವಿಲ್ಲ, ಹಬ್ಬಹರಿದಿನಕ್ಕೆ ಅವಕಾಶ, ಕೈದಿಗಳ ಭಾಷೆಯಲ್ಲೇ ಪತ್ರಿಕೆ. ಯುದ್ಧಕೈದಿಗಳ ಶಿಬಿರ ಎನ್ನುವುದಕ್ಕಿಂತ ಅದು ಮುತ್ತಿಗೆ ಹಾಕಿದ ಔತಣದಮನೆ ಅನ್ನಿ: ಸುತ್ತ ಮುಳ್ಳುತಂತಿ, ಒಳಗೆ ಉಪಚಾರ.

ಮರದ ಮಸೀದಿ 1915ರ ಜುಲೈ 13ರಂದು, ರಂಜಾನ್ ಶುರುವಿಗೆ ಸರಿಯಾಗಿ ತೆರೆಯಿತು. ಗುಮ್ಮಟ, 23 ಮೀಟರ್ ಎತ್ತರದ ಮಿನಾರು. ಜೆರುಸಲೇಮಿನ ಬಂಡೆಗುಮ್ಮಟದ ಮಾದರಿ. ಯುದ್ಧ ಮುಗಿದ ಮೇಲೆ ಬರ್ಲಿನ್ನಿನ ಮುಸ್ಲಿಮರು ಕೆಲಕಾಲ ಬಳಸಿದರು. ಮರ ಶಿಥಿಲವಾಯಿತೆಂದು 1925–26ರಲ್ಲಿ ಕೆಡವಿದರು. ಬೀದಿಯ ಹೆಸರೊಂದು ಉಳಿದುಕೊಂಡಿದೆ.

ಭಾರತದ ಸಿಪಾಯಿಗಳೂ ಇದ್ದರೇ?

ಇದ್ದರು. ಮುಸ್ಲಿಮರಷ್ಟೇ ಅಲ್ಲ, ಸಿಖ್ಖರು, ಹಿಂದೂಗಳು, ಗೂರ್ಖಾಗಳು ಎಲ್ಲರೂ. ಅರ್ಧಚಂದ್ರ ಶಿಬಿರದಲ್ಲಿ ಅವರಿಗೆಂದು ಪ್ರತ್ಯೇಕ ಭಾಗವೇ ಇತ್ತು. 1914ರ ಶರತ್ಕಾಲದಲ್ಲಿ ಬ್ರಿಟಿಷರು ಲಾಹೋರ್, ಮೀರತ್ ಡಿವಿಷನ್‌ಗಳನ್ನು ಹಡಗಿನಲ್ಲಿ ಫ್ರಾನ್ಸಿಗೆ ಸಾಗಿಸಿದ್ದರು. ಫ್ರಾನ್ಸ್, ಬೆಲ್ಜಿಯಂ ಕಂದಕಗಳಲ್ಲಿ ಸೆರೆಸಿಕ್ಕವರು ಇಲ್ಲಿಗೆ ಬಂದರು.

ಅವರ ಮನವೊಲಿಸಲು ಬಂದವರು ಜರ್ಮನರು ಮಾತ್ರವಲ್ಲ. ವೀರೇಂದ್ರನಾಥ ಚಟ್ಟೋಪಾಧ್ಯಾಯರ (ಸರೋಜಿನಿ ನಾಯ್ಡು ಅವರ ತಮ್ಮ) ಬರ್ಲಿನ್ ಸಮಿತಿಯ ಕ್ರಾಂತಿಕಾರಿಗಳೂ ಶಿಬಿರಕ್ಕೆ ಬಂದು ಭಾಷಣ ಮಾಡುತ್ತಿದ್ದರು. ಹಿಂದಿ, ಉರ್ದುವಿನಲ್ಲಿ "ಹಿಂದೋಸ್ತಾನ್" ಎಂಬ ಪತ್ರಿಕೆ ಹಂಚುತ್ತಿದ್ದರು. ಫಲ? ಕೊನೆಗೆ ತುರ್ಕಿಯ ಪರ ಹೋರಾಡಲು ಹೊರಟ ಭಾರತೀಯರು 50ರ ಆಸುಪಾಸು. ಉಳಿದವರಿಗೆ ಬೇಕಿದ್ದದ್ದು ಸುಲ್ತಾನನೂ ಅಲ್ಲ, ಕೈಸರನೂ ಅಲ್ಲ, ಮನೆ.

ಹವೆ ಅವರನ್ನು ಹಣ್ಣು ಮಾಡಿತು. ಕ್ಷಯ ಹಬ್ಬಿತು. 1917ರಲ್ಲಿ ಬಹಳಷ್ಟು ಕೈದಿಗಳನ್ನು ಸ್ವಲ್ಪ ಬೆಚ್ಚಗಿನ ರುಮೇನಿಯಕ್ಕೆ ಸಾಗಿಸಿದರು. ಎಲ್ಲರೂ ಆ ಗಾಡಿ ಹತ್ತುವವರೆಗೆ ಉಳಿದಿರಲಿಲ್ಲ.

ಕನ್ನಡಿಗರು ಯಾರಾದರೂ?

ಊರಿಂದ ಬಂದ ಪ್ರತಿಯೊಬ್ಬರೂ ಇದನ್ನು ಕೇಳುತ್ತಾರೆ, ತಪ್ಪಿಲ್ಲ. ಫ್ರಾನ್ಸಿಗೆ ಹೋದ ದಂಡಿನಲ್ಲಿ ಹೆಚ್ಚಿನವರು ಪಂಜಾಬ್, ಗಢವಾಲ್, ನೇಪಾಳ, ವಾಯವ್ಯ ಗಡಿಯವರು. "ಯೋಧ ಜನಾಂಗ" ಎಂಬ ಬ್ರಿಟಿಷರ ಹುಚ್ಚು ಲೆಕ್ಕಾಚಾರದಲ್ಲಿ ದಕ್ಷಿಣದವರಿಗೆ ಜಾಗ ಕಡಿಮೆ. ಮೈಸೂರು ಸಂಸ್ಥಾನದ ಕುದುರೆ ಪಡೆ, ಮೈಸೂರು ಲ್ಯಾನ್ಸರ್ಸ್, ಹೋದದ್ದು ಈಜಿಪ್ಟ್, ಪ್ಯಾಲೆಸ್ಟೈನ್ ಕಡೆಗೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಗೆದ್ದವರು ಅವರೇ; ಬೆಂಗಳೂರಿನ ಜೆ.ಸಿ. ನಗರದ ಕಡೆ ಸ್ಮಾರಕ ಸ್ತಂಭವಿದೆ. ಅವರು ಅಲ್ಲಿ ಎದುರಿಸಿದ್ದು ಅದೇ ತುರ್ಕಿಯನ್ನು. ವ್ಯುನ್ಸ್‌ಡೋರ್ಫ್‌ನ ಉಪಚಾರವೆಲ್ಲ ಯಾರಿಗಾಗಿ ನಡೆದಿತ್ತೋ ಆ ತುರ್ಕಿಯನ್ನು.

ಕೈದಿಗಳ ಧ್ವನಿ ಇನ್ನೂ ಇದೆ ಅನ್ನುತ್ತಾರೆ, ನಿಜವೇ?

ನಿಜ. ವ್ಯುನ್ಸ್‌ಡೋರ್ಫ್‌ಗೆ ನಾನು ಮತ್ತೆ ಮತ್ತೆ ಹೋಗುವುದಕ್ಕೆ ಕಾರಣವೂ ಅದೇ.

1915ರಲ್ಲಿ "ಪ್ರಷ್ಯದ ರಾಜಮನೆತನದ ಫೋನೋಗ್ರಾಫ್ ಆಯೋಗ" ಎಂಬ ದೊಡ್ಡ ಹೆಸರಿನ ಒಂದು ತಂಡ ಹುಟ್ಟಿತು. ವಿಲ್‌ಹೆಲ್ಮ್ ಡೇಗನ್ ಅನ್ನುವ ಭಾಷಾ ಮೇಷ್ಟ್ರು ಅದರ ಜೀವಾಳ. ಅವನ ಯೋಚನೆ ಸರಳ: ಜಗತ್ತು ಸುತ್ತಿ ಭಾಷೆ ಸಂಗ್ರಹಿಸುವುದೇಕೆ? ಯುದ್ಧವೇ ಜಗತ್ತನ್ನೆಲ್ಲ ಹಿಡಿದು ತಂದು ಬೇಲಿಯೊಳಗೆ ಕೂರಿಸಿದೆಯಲ್ಲ! 1918ರವರೆಗೆ ಜರ್ಮನಿಯ ಶಿಬಿರಗಳಲ್ಲಿ ಸುತ್ತಿ 1,650 ಗ್ರಾಮಫೋನ್ ತಟ್ಟೆಗಳಲ್ಲಿ, ಸಾವಿರದಷ್ಟು ಮೇಣದ ಉರುಳೆಗಳಲ್ಲಿ ಧ್ವನಿ ತುಂಬಿಸಿಕೊಂಡರು. ಸುಮಾರು 250 ಭಾಷೆ ಮತ್ತು ಉಪಭಾಷೆಗಳು. ಭಾರತದ ಭಾಷೆಗಳನ್ನು ನೋಡಿಕೊಂಡವನು ಸಂಸ್ಕೃತ ವಿದ್ವಾಂಸ ಹೈನ್ರಿಷ್ ಲ್ಯೂಡರ್ಸ್.

ಕೆಲಸ ನಡೆಯುತ್ತಿದ್ದದ್ದು ಹೀಗೆ. ಮೊದಲು ಕೈದಿಯ ಹೆಸರು, ಊರು, ಜಾತಿಮತ, ಓದುಬರಹ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು. ಹೇಳಬೇಕಾದ್ದನ್ನು ಮುಂಚೆಯೇ ಬರೆದಿಟ್ಟುಕೊಳ್ಳುವುದು. ಆಮೇಲೆ ಅವನನ್ನು ಧ್ವನಿ ಹಿಡಿಯುವ ಯಂತ್ರದ ತುತ್ತೂರಿಯ ಬಾಯಿಗೆ ಮುಖವಿಟ್ಟು ನಿಲ್ಲಿಸುವುದು. ಹಾಡು, ಕಥೆ, ಲೆಕ್ಕದ ಅಂಕಿಗಳು, ಬೈಬಲ್ಲಿನ ದಾರಿತಪ್ಪಿದ ಮಗನ ಕಥೆ, ಏನಾದರೂ ಸರಿ. ವಿದ್ವಾಂಸರಿಗೆ ಬೇಕಿದ್ದದ್ದು ಉಚ್ಚಾರ, ವಿಷಯವಲ್ಲ.

ಆದರೆ ವಿಷಯ ನುಸುಳಿಬಿಡುತ್ತಿತ್ತು. 1916ರ ಡಿಸೆಂಬರ್ 11ರಂದು ಮಲ್ ಸಿಂಗ್ ಎಂಬ ಪಂಜಾಬಿ ಸಿಪಾಯಿ ತುತ್ತೂರಿಯ ಮುಂದೆ ನಿಂತ. "ನಾನು" ಅನ್ನಲಿಲ್ಲ. ಒಬ್ಬ ಮನುಷ್ಯನಿದ್ದ ಅಂತ ಅಜ್ಜಿಕಥೆಯ ಹಾಗೆ ಶುರು ಮಾಡಿದ: ಅವನು ಹಿಂದುಸ್ತಾನದಲ್ಲಿ ಬೆಣ್ಣೆ ತಿನ್ನುತ್ತಿದ್ದ, ಸೇರುಗಟ್ಟಲೆ ಹಾಲು ಕುಡಿಯುತ್ತಿದ್ದ, ಇಂಗ್ಲಿಷರ ನೌಕರಿಗೆ ಸೇರಿದ, ಯೂರೋಪಿನ ಯುದ್ಧಕ್ಕೆ ಬಂದ, ಜರ್ಮನರ ಕೈಗೆ ಸಿಕ್ಕ, ಈಗ ಊರಿಗೆ ಹೋಗಬೇಕೆನ್ನುತ್ತಾನೆ, ಹೋದರೆ ಅದೇ ಊಟ ಮತ್ತೆ ಸಿಕ್ಕೀತು. ಒಂದೂವರೆ ನಿಮಿಷವೂ ಇಲ್ಲ. ಬೆಣ್ಣೆ ಹಾಲಿನ ಆಸೆಯಲ್ಲಿ ಮನೆಯ ಹಂಬಲವನ್ನೆಲ್ಲ ತುಂಬಿಬಿಟ್ಟಿದ್ದಾನೆ. ನನ್ನ ಅತ್ತೆಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ: "ಪಾಪ, ಆ ಮಗುವಿಗೆ ಅಲ್ಲಿ ಮಜ್ಜಿಗೆನಾದ್ರೂ ಕೊಟ್ರಾ?"

ಇನ್ನೊಂದು ಮಾತು. ಆ ತಟ್ಟೆಗಳು ಅರಗಿನವು. ಆ ಕಾಲದಲ್ಲಿ ಲೋಕಕ್ಕೆಲ್ಲ ಅರಗು ಹೋಗುತ್ತಿದ್ದದ್ದು ಬಹುಪಾಲು ಭಾರತದ ಕಾಡುಗಳಿಂದಲೇ. ಅರಗಿನ ಮನೆಯ ಕಥೆ ಗೊತ್ತಿರುವವರಿಗೆ ಉಳಿದದ್ದು ಬಿಡಿಸಿ ಹೇಳಬೇಕಿಲ್ಲ. ತಟ್ಟೆಗಳು ಈಗ ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾಲಯದ ಧ್ವನಿ ಸಂಗ್ರಹದಲ್ಲಿವೆ.

ಇದೇ ಶಿಬಿರದಲ್ಲಿ ಧ್ವನಿಯ ಜೊತೆ ತಲೆಯ ಅಳತೆಯನ್ನೂ ತೆಗೆದರು. ಕೈದಿ ಸಿಖ್ಖರ ತಲೆ, ಮೂಗು ಅಳೆದ ಎಗೋನ್ ಫಾನ್ ಐಕ್‌ಸ್ಟೆಡ್ಟ್ ಮುಂದೆ ನಾಜಿ ಕಾಲದ ಜನಾಂಗ "ಶಾಸ್ತ್ರ"ದ ದೊಡ್ಡ ಹೆಸರಾದ. ಬೇಲಿಯೊಳಗಿನವನು ಬೇಡ ಅನ್ನಲಾರ. ಧ್ವನಿ ತೆಗೆದವರೂ ತಲೆ ಅಳೆದವರೂ ನಂಬಿದ್ದು ಅದನ್ನೇ.

ಎರಡು ಯುದ್ಧಗಳ ನಡುವೆ ಇಲ್ಲಿ ಏನಿತ್ತು?

ಸೋತ ಜರ್ಮನಿಗೆ ಟ್ಯಾಂಕು ಇಟ್ಟುಕೊಳ್ಳುವ ಹಕ್ಕಿರಲಿಲ್ಲ. ಸೇನೆಯೂ ಒಂದು ಲಕ್ಷ ಮೀರುವಂತಿರಲಿಲ್ಲ. ಆಗ ವ್ಯುನ್ಸ್‌ಡೋರ್ಫ್‌ನ ವ್ಯಾಯಾಮ ಶಾಲೆ ಸೇನೆಯ ಕ್ರೀಡಾಶಾಲೆಯಾಯಿತು. 1936ರ ಬರ್ಲಿನ್ ಒಲಿಂಪಿಕ್ಸಿಗೆ ಜರ್ಮನ್ ಕ್ರೀಡಾಪಟುಗಳು ಇಲ್ಲಿ ಪಳಗಿದರು.

ಆದರೆ 1933ರಲ್ಲಿ ಹಿಟ್ಲರ್ ಬಂದ ವರ್ಷವೇ ಇಲ್ಲಿ "ಮೋಟಾರು ವಾಹನ ಬೋಧನಾ ತಂಡ" ಎಂಬ ಸಾಧು ಹೆಸರಿನ ಘಟಕ ಎದ್ದಿತು. ಡ್ರೈವಿಂಗ್ ಸ್ಕೂಲ್ ಅಂದುಕೊಳ್ಳಬೇಕು, ಕಲಿಸುತ್ತಿದ್ದದ್ದು ಟ್ಯಾಂಕು. ಎರಡು ವರ್ಷದಲ್ಲಿ ಮುಸುಕು ಕಳಚಿ 5ನೇ ಟ್ಯಾಂಕ್ ರೆಜಿಮೆಂಟ್ ಇಲ್ಲಿ ನೆಲೆಯಾಯಿತು. ಪಕ್ಕದ ಕುಮ್ಮರ್ಸ್‌ಡೋರ್ಫ್‌ನಲ್ಲಿ 1932ರಿಂದಲೇ ವೆರ್ನರ್ ಫಾನ್ ಬ್ರೌನ್ ಎಂಬ ಇಪ್ಪತ್ತರ ಹುಡುಗ ಸೇನೆಯ ಖರ್ಚಿನಲ್ಲಿ ರಾಕೆಟ್ ಎಂಜಿನ್ನು ಉರಿಸುತ್ತಿದ್ದ. ಮುಂದೆ ಅವನೇ ಅಮೆರಿಕನ್ನರನ್ನು ಚಂದ್ರನ ಮೇಲಿಳಿಸಿದ ರಾಕೆಟ್ಟಿನ ಹಿರಿಯ ಶಿಲ್ಪಿ.

ಸುಭಾಷ್‌ಚಂದ್ರ ಬೋಸರ ಸೈನಿಕರಿಗೆ ತರಬೇತಿ ಕೊಟ್ಟದ್ದು ಇಲ್ಲೇ ಅಲ್ಲವೇ?

ಅಲ್ಲ. ಎರಡು ಯುದ್ಧಗಳ ಕಥೆ ಸೇರಿಹೋಗಿ ಹುಟ್ಟಿದ ಗೊಂದಲ ಇದು. ಬೋಸರ ಆಜಾದ್ ಹಿಂದ್ ಸೈನ್ಯದ ಜರ್ಮನ್ ದಳ ತರಬೇತಿ ಪಡೆದದ್ದು ಸ್ಯಾಕ್ಸನಿಯಲ್ಲಿ: ಮೊದಲು ಫ್ರಾಂಕೆನ್‌ಬೆರ್ಗ್, 1942ರಿಂದ ಡ್ರೆಸ್ಡೆನ್ ಬಳಿಯ ಕ್ಯೋನಿಗ್ಸ್‌ಬ್ರ್ಯುಕ್ ತರಬೇತಿ ಮೈದಾನ.

ಆದರೂ ತೆಳುವಾದ ಒಂದು ನಂಟಿದೆ. 1941ರ ಆರಂಭದಲ್ಲಿ ವ್ಯುನ್ಸ್‌ಡೋರ್ಫ್‌ನ ಆ 5ನೇ ಟ್ಯಾಂಕ್ ರೆಜಿಮೆಂಟನ್ನು ಜರ್ಮನ್ ಜನರಲ್ ರೊಮೆಲ್ ಜೊತೆ ಆಫ್ರಿಕಕ್ಕೆ ಕಳಿಸಿದರು. ಏಪ್ರಿಲ್‌ನಲ್ಲಿ ರೊಮೆಲ್‌ನ ಸೇನೆ ಲಿಬಿಯದ ಮೆಕೀಲಿಯಲ್ಲಿ 3ನೇ ಭಾರತೀಯ ಮೋಟಾರು ಬ್ರಿಗೇಡನ್ನು ಸೆರೆಹಿಡಿಯಿತು. ಬೋಸರ ದಳಕ್ಕೆ ಮೊದಲ ಸಿಪಾಯಿಗಳು ಸಿಕ್ಕಿದ್ದು ಆ ಕೈದಿಗಳಲ್ಲೇ. ದಳ ಮೂರು ಸಾವಿರದ ಹತ್ತಿರಕ್ಕೆ ಬೆಳೆಯಿತು. ಹಾಲೆಂಡಿನ ಕರಾವಳಿ, ಫ್ರಾನ್ಸಿನ ಬೋರ್ಡೋ ಕಡೆ ಕಾವಲು ಕಾದು, 1944ರ ಕೊನೆಗೆ ಹಾಯ್‌ಬೆರ್ಗ್ ಎಂಬ ಇನ್ನೊಂದು ತರಬೇತಿ ಮೈದಾನಕ್ಕೆ ಹಿಂದೆ ಸರಿಯಿತು.

ಹಳ್ಳಿ ಮನೆಗಳ ಹಾಗೆ ಕಾಣುವ, ಅರ್ಧ ಕುಸಿದ ಆ ಕಟ್ಟಡಗಳೇನು?

ಮೈಬಾಖ್ ಎಂಬ ಗುಪ್ತ ಹೆಸರಿನ ಬಂಕರ್‌ಗಳು. ವ್ಯುನ್ಸ್‌ಡೋರ್ಫ್‌ಗೆ ಹೋದವರ ಕ್ಯಾಮೆರಾ ತುಂಬುವುದು ಇವುಗಳಿಂದಲೇ.

1937ರಿಂದ 1939ರ ನಡುವೆ ಕಾಡಿನೊಳಗೆ ಹನ್ನೆರಡು "ಮನೆ" ಕಟ್ಟಿದರು. ಇಳಿಜಾರು ಮಾಡು, ಕಿಟಕಿ, ಚಿಮಣಿ ಎಲ್ಲ ಇದ್ದವು. ವಿಮಾನದಿಂದ ನೋಡಿದವರಿಗೆ ಪುಟ್ಟ ಹಳ್ಳಿ. ಒಳಗೆ ದಪ್ಪ ಕಾಂಕ್ರೀಟು, ನೆಲದಡಿ ಇನ್ನೂ ಎರಡು ಅಂತಸ್ತು, ಮನೆಯಿಂದ ಮನೆಗೆ ಸುರಂಗ. 1939ರ ಆಗಸ್ಟ್ ಕೊನೆಯಲ್ಲಿ ಜರ್ಮನ್ ಭೂಸೇನೆಯ ಪ್ರಧಾನ ಕಚೇರಿ ಬರ್ಲಿನ್ನಿನಿಂದ ಇಲ್ಲಿಗೆ ಬಂತು. ಪೋಲೆಂಡ್ ಮೇಲಿನ ದಾಳಿಯನ್ನು ನಡೆಸಿದ್ದು ಈ ಹುಸಿ ಹಳ್ಳಿಯಿಂದ. ಆಮೇಲೆ ಸರ್ವ ಸೇನೆಗಳ ಮುಖ್ಯ ಕಚೇರಿಗಾಗಿ ಪಕ್ಕದಲ್ಲೇ ಮೈಬಾಖ್ 2 ಎದ್ದಿತು.

ಇವೆರಡಕ್ಕೂ ಕಿವಿ–ಬಾಯಿ ಆಗಿದ್ದದ್ದು "ತ್ಸೆಪೆಲಿನ್" ಎಂಬ ದೂರಸಂಪರ್ಕ ಬಂಕರ್. ನೂರು ಮೀಟರಿಗೂ ಉದ್ದ, ಆಳವಾಗಿ ನೆಲದಡಿ. ಟೆಲಿಫೋನು, ಟೆಲಿಪ್ರಿಂಟರುಗಳ ತಂತಿಗಳು ಯುದ್ಧರಂಗದ ಮೂಲೆಮೂಲೆಗೂ ಇಲ್ಲಿಂದ ಹರಿದಿದ್ದವು. ಮಾರ್ಗದರ್ಶಕರ ಜೊತೆ ಒಳಗೆ ಇಳಿದಾಗ ಮೊದಲು ಬಡಿಯುವುದು ಚಳಿ, ಆಮೇಲೆ ಮೌನ.

ದಾರಿ ಬದಿಯಲ್ಲಿ ನಿಂತಿರುವ ಆ ಚೂಪು ಗೋಪುರಗಳು?

ವಿಂಕೆಲ್ ಗೋಪುರಗಳು, ರೂಪಿಸಿದ ಲಿಯೋ ವಿಂಕೆಲ್‌ನ ಹೆಸರು. ಬಾಂಬ್ ದಾಳಿಯಾದಾಗ ಜನ ಓಡಿಹೋಗಿ ಸೇರಿಕೊಳ್ಳಲು. ತುದಿ ಚೂಪಾದ್ದರಿಂದ ಬಾಂಬು ಜಾರಿ ಕೆಳಗೆ ಬೀಳುತ್ತದೆ ಅನ್ನುವುದು ಲೆಕ್ಕ, ನೆಲ ಅಗೆಯುವ ಖರ್ಚೂ ಇಲ್ಲ. ಸ್ಥಳೀಯರು "ಕಾಂಕ್ರೀಟು ಸಿಗಾರು" ಅನ್ನುತ್ತಾರೆ. ನನ್ನ ಕಣ್ಣಿಗೆ ಹುತ್ತ.

ಹಿಟ್ಲರ್ ಇಲ್ಲಿರುತ್ತಿದ್ದನೇ?

ಇಲ್ಲ. ಇಲ್ಲಿದ್ದದ್ದು ಅವನ ಜನರಲ್‌ಗಳು, ಮತ್ತು ಅವನಿಗೆ ಅವರ ಮೇಲಿದ್ದ ಗುಮಾನಿ.

1939ರ ಶರತ್ಕಾಲದಲ್ಲಿ ಫ್ರಾನ್ಸಿನ ಮೇಲೆ ತಕ್ಷಣ ದಾಳಿ ಮಾಡಬೇಕೆಂದು ಹಿಟ್ಲರ್ ಹಟ ಹಿಡಿದಾಗ, ತ್ಸೋಸೆನ್‌ನಲ್ಲಿದ್ದ (ಇಲ್ಲಿಯ ಪ್ರಧಾನ ಕಚೇರಿಯನ್ನು ಹಾಗೇ ಕರೆಯುತ್ತಿದ್ದರು) ಭೂಸೇನೆಯ ಜನರಲ್ ಸ್ಟಾಫ್ ಮುಖ್ಯಸ್ಥ ಫ್ರಾನ್ಸ್ ಹಾಲ್ಡರ್ ಮತ್ತು ಕೆಲವರು ಅವನನ್ನು ಇಳಿಸುವ ಯೋಚನೆ ನಡೆಸಿದ್ದರು. ನವೆಂಬರ್ 5ರಂದು ದಂಡನಾಯಕ ಬ್ರೌಖಿಚ್, ಸೇನೆ ಸಿದ್ಧವಿಲ್ಲ ಎನ್ನಲು ಹಿಟ್ಲರನ ಬಳಿ ಹೋದ. ಹಿಟ್ಲರ್ ರೇಗಿ, "ತ್ಸೋಸೆನ್ ಮನೋಭಾವ"ವನ್ನು ಹೊಸಕಿ ಹಾಕುತ್ತೇನೆ ಎಂದು ಗುಡುಗಿದ. ಗುಟ್ಟು ಬಯಲಾಗಿದೆ ಅಂತ ಹಾಲ್ಡರ್ ಬೆದರಿ ಸಂಚಿನ ಕಾಗದಪತ್ರ ಸುಡಿಸಿದ. ಹಿಟ್ಲರನಿಗೆ ಆಗ ಏನೂ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಬೈದಿದ್ದ, ಅಷ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಕಥೆ.

1944ರ ಜುಲೈ 20ರ ಸಂಚಿನಲ್ಲಿ ಬಾಂಬ್ ಇಟ್ಟ ಷ್ಟೌಫೆನ್‌ಬೆರ್ಗ್‌ಗೆ ವಿಮಾನ ಒದಗಿಸಿದವನು ಸೇನೆಯ ಸರಬರಾಜು ಮುಖ್ಯಸ್ಥ ಎಡುವಾರ್ಡ್ ವಾಗ್ನರ್. ಸಂಚು ಮುರಿದುಬಿತ್ತು. ಜುಲೈ 23ರಂದು ಅವನು ತ್ಸೋಸೆನ್‌ನಲ್ಲಿ ಗುಂಡು ಹೊಡೆದುಕೊಂಡ. ಸೆಪ್ಟೆಂಬರ್‌ನಲ್ಲಿ ಇಲ್ಲಿಯ ಒಂದು ತಿಜೋರಿಯಲ್ಲಿ ಹಳೆಯ ಸಂಚುಗಳ ದಾಖಲೆ ಗುಪ್ತ ಪೊಲೀಸರ ಕೈಗೆ ಸಿಕ್ಕಿತು. ಗೂಢಚಾರ ಇಲಾಖೆಯ ಕನಾರಿಸ್, ಪಾದ್ರಿ ಡೀಟ್ರಿಷ್ ಬೋನ್‌ಹ್ಯೋಫರ್ ಮೊದಲಾದವರ ಕೊರಳಿಗೆ ಹಗ್ಗ ಬಿಗಿದದ್ದರ ಹಿಂದೆ ಆ ಕಾಗದಗಳಿದ್ದವು.

ಯುದ್ಧ ಮುಗಿದಾಗ ಇಲ್ಲಿ ಏನಾಯಿತು?

1945ರ ಮಾರ್ಚ್ 15ರಂದು ಅಮೆರಿಕನ್ ವಿಮಾನಗಳು ಬಾಂಬು ಸುರಿದವು. ಇಲ್ಲಿದ್ದ ಜರ್ಮನ್ ಜನರಲ್ ಕ್ರೆಬ್ಸ್ ಗಾಯಗೊಂಡ. ಬಂಕರ್‌ಗಳು ಮಾತ್ರ ಬಹುಪಾಲು ತಡೆದುಕೊಂಡವು. ಏಪ್ರಿಲ್ 20–21ರ ಹೊತ್ತಿಗೆ ಜನರಲ್ ರಿಬಾಲ್ಕೋನ ಸೋವಿಯತ್ ಟ್ಯಾಂಕುಗಳು ಬಾಗಿಲಿಗೆ ಬಂದವು. ಅಧಿಕಾರಿಗಳು ಗಡಿಬಿಡಿಯಲ್ಲಿ ಓಡಿದ್ದರು. ಸೋವಿಯತ್ ಸೈನಿಕರು ತ್ಸೆಪೆಲಿನ್ ಒಳಗೆ ಇಳಿದಾಗ ಯಂತ್ರಗಳು ನಡೆಯುತ್ತಲೇ ಇದ್ದವು, ಫೋನುಗಳು ರಿಂಗಾಗುತ್ತಿದ್ದವು. ಯುದ್ಧರಂಗದಿಂದ ಯಾರೋ ಆಜ್ಞೆ ಕೇಳಲು ಕರೆ ಮಾಡುತ್ತಿದ್ದರು, ಎತ್ತಿದವರು ರಷ್ಯನ್ನರು.

ಜರ್ಮನಿಯನ್ನು ನಿಶ್ಶಸ್ತ್ರಗೊಳಿಸಬೇಕೆಂಬ ಪಾಟ್ಸ್‌ಡಾಮ್ ಒಪ್ಪಂದದಂತೆ ಮುಂದಿನ ವರ್ಷಗಳಲ್ಲಿ ಮೈಬಾಖ್ ಮನೆಗಳಿಗೆ ಸಿಡಿಮದ್ದು ಇಟ್ಟರು. ಈಗ ಕಾಣುವ ಓರೆಯಾದ ಗೋಡೆಗಳು ಅದರ ಫಲ, ಅಮೆರಿಕನ್ ಬಾಂಬಿನದ್ದಲ್ಲ.

"ಪುಟ್ಟ ಮಾಸ್ಕೋ" ಅನ್ನುತ್ತಾರಲ್ಲ, ಯಾಕೆ?

1953–54ರ ಹೊತ್ತಿಗೆ ಪೂರ್ವ ಜರ್ಮನಿಯಲ್ಲಿದ್ದ ಸೋವಿಯತ್ ಸೇನೆಯ ಮುಖ್ಯ ಕಚೇರಿ ಪಾಟ್ಸ್‌ಡಾಮಿನಿಂದ ಇಲ್ಲಿಗೆ ಬಂತು. ಸೋವಿಯತ್ ಒಕ್ಕೂಟದ ಹೊರಗೆ ಅದಕ್ಕಿಂತ ದೊಡ್ಡ ಸೋವಿಯತ್ ನೆಲೆ ಇರಲಿಲ್ಲ. ಸೈನಿಕರು, ಹೆಂಡತಿ ಮಕ್ಕಳು ಎಲ್ಲ ಸೇರಿ 40ರಿಂದ 75 ಸಾವಿರ ಅಂತ ಅಂದಾಜು. ಬೇಲಿಯ ಹೊರಗಿನ ಜರ್ಮನರು ಮೂರು ಸಾವಿರವೂ ಇರಲಿಲ್ಲ.

ಒಳಗೆ ಎಲ್ಲವೂ ಇತ್ತು: ಶಾಲೆ, ಆಸ್ಪತ್ರೆ, ಬೇಕರಿ, ಅಂಗಡಿ, ಚಿತ್ರಮಂದಿರ. ಮಾಸ್ಕೋಗೆ ದಿನಾ ನೇರ ರೈಲು. ಹಳೆಯ ವ್ಯಾಯಾಮ ಶಾಲೆ "ಅಧಿಕಾರಿಗಳ ಭವನ"ವಾಯಿತು. ಅದರ ಈಜುಕೊಳ, ರಂಗಮಂದಿರ ಎಲ್ಲ ಹೊಸಬರಿಗೆ. ಎದುರಿಗೆ ಲೆನಿನ್ ನಿಂತ. ಆ ಲೆನಿನ್ ಇನ್ನೂ ಅಲ್ಲೇ ಇದ್ದಾನೆ, ಖಾಲಿ ಕಿಟಕಿಗಳಿಗೆ ಬೆನ್ನು ಹಾಕಿ. ತ್ಸೆಪೆಲಿನ್ ಬಂಕರನ್ನೂ ಸರಿಪಡಿಸಿ ತಮ್ಮದೇ ಸಂಪರ್ಕ ಕೇಂದ್ರ ಮಾಡಿಕೊಂಡರು. ಹಿಟ್ಲರನ ತಂತಿಗೂಡಿನಲ್ಲಿ ಕ್ರೆಮ್ಲಿನ್ನಿನ ತಂತಿ.

ಜರ್ಮನರಿಗೆ ಮಾತ್ರ ಅದು "ನಿಷಿದ್ಧ ನಗರ". ಊರ ಮಧ್ಯೆ ಹಾಯುವ 96ನೇ ಹೆದ್ದಾರಿಯನ್ನೇ ಮುಚ್ಚಿಬಿಟ್ಟರು, ಸುತ್ತುಹಾಕಿ ಹೋಗಬೇಕು. ವಲಯದೊಳಗೆ ಸಿಕ್ಕ ಮನೆಗಳವರು ಖಾಲಿ ಮಾಡಬೇಕಾಯಿತು. "ಸೋದರ ರಾಷ್ಟ್ರ" ಎಂದು ಪೋಸ್ಟರು ಹೇಳುತ್ತಿತ್ತು. ಸೋದರರ ಮನೆಗೆ ಕಾಲಿಡಬೇಕಾದರೆ ಪಾಸು.

ಅಷ್ಟು ದೊಡ್ಡ ಸೇನೆ ಹೋದದ್ದು ಹೇಗೆ?

ಜರ್ಮನಿ ಒಂದಾದಾಗ, 1994ರ ಕೊನೆಯೊಳಗೆ ಸೇನೆ ಹಿಂತಿರುಗಬೇಕೆಂದು ಒಪ್ಪಂದವಾಯಿತು. ಸೈನಿಕರು ಸುಮಾರು 3.4 ಲಕ್ಷ, ಕುಟುಂಬ ಮತ್ತು ನೌಕರರು ಸೇರಿ ಸುಮಾರು 5.46 ಲಕ್ಷ. ಹೋಗುವುದಕ್ಕೆ ಜರ್ಮನಿ 1,200 ಕೋಟಿ ಮಾರ್ಕ್ ಕೊಟ್ಟಿತು, ಮೇಲೆ 300 ಕೋಟಿ ಬಡ್ಡಿಯಿಲ್ಲದ ಸಾಲ. ಬಹುಪಾಲು ಹಣ ಆ ಸೈನಿಕರಿಗೆ ಊರಿನಲ್ಲಿ ಮನೆ ಕಟ್ಟಿಸಲು. ನಡುವೆ ಅವರನ್ನು ಕಳಿಸಿದ್ದ ದೇಶವೇ ಮುರಿದುಬಿದ್ದಿತ್ತು. ಬಂದದ್ದು ಸೋವಿಯತ್ ಸೇನೆ, ಹೋದದ್ದು ರಷ್ಯದ ಸೇನೆ. 1994ರ ಆಗಸ್ಟ್ 31ರಂದು ಬರ್ಲಿನ್ನಿನಲ್ಲಿ ರಷ್ಯದ ಅಧ್ಯಕ್ಷ ಯೆಲ್ತ್ಸಿನ್ ಮತ್ತು ಜರ್ಮನಿಯ ಚಾನ್ಸೆಲರ್ ಕೋಲ್ ಎದುರು ಬೀಳ್ಕೊಡುಗೆ.

ಆಮೇಲೆ?

ಖಾಲಿ ಊರು. ಸುಮಾರು 590 ಹೆಕ್ಟೇರು ಬ್ರಾಂಡೆನ್‌ಬುರ್ಗ್ ರಾಜ್ಯದ ಪಾಲಿಗೆ ಬಂತು: ಮದ್ದುಗುಂಡು, ಎಣ್ಣೆ ಕುಡಿದ ನೆಲ, ಬಾಗಿಲಿಲ್ಲದ ಮನೆಗಳು. ಕೆಲವು ಬ್ಯಾರಕ್ಸುಗಳನ್ನು ದುರಸ್ತಿ ಮಾಡಿ ವಸತಿ, ಸರ್ಕಾರಿ ಕಚೇರಿ ಮಾಡಿದರು. ಬಡಾವಣೆಗೆ "ಕಾಡೂರು" ಎಂಬರ್ಥದ ವಾಲ್ಡ್‌ಸ್ಟಾಟ್ ಎಂಬ ಹೆಸರು. 1998ರಲ್ಲಿ ಹಳೆ ಪುಸ್ತಕದ ಅಂಗಡಿಗಳನ್ನು ತಂದು "ಪುಸ್ತಕ ಮತ್ತು ಬಂಕರ್ ಪಟ್ಟಣ" ಅಂತ ಕರೆದುಕೊಂಡರು. ಬಂಕರಿಗೆ ಜನ ಬಂದಷ್ಟು ಪುಸ್ತಕಕ್ಕೆ ಬರಲಿಲ್ಲ, ನಮ್ಮೂರಲ್ಲಾದರೂ ಇದೇ ಗತಿ. ಅಧಿಕಾರಿಗಳ ಭವನದ ಈಜುಕೊಳ ಒಣಗಿದೆ, ರಂಗಮಂದಿರದ ಬಣ್ಣ ಎಲೆ ಎಲೆಯಾಗಿ ಉದುರುತ್ತಿದೆ.

2015ರಲ್ಲಿ ಹೊಸ ತಿರುವು. ಸಿರಿಯ ಮೊದಲಾದ ಕಡೆಯಿಂದ ಬಂದ ನಿರಾಶ್ರಿತರಿಗೆ ಇಲ್ಲಿ ವಸತಿ ಮಾಡಲು ಸರ್ಕಾರ ಹೊರಟಿತು. ಆರಿಸಿದ ನೆಲ ಹಳೆಯ ಅರ್ಧಚಂದ್ರ ಶಿಬಿರದ್ದು. ಕಟ್ಟುವ ಮೊದಲು ಪುರಾತತ್ವದವರು ಅಗೆದು, ನೂರು ವರ್ಷದ ಹಿಂದಿನ ಶಿಬಿರದ ಕುರುಹು ದಾಖಲಿಸಿಕೊಂಡರು. ಕೈದಿ ಮುಸ್ಲಿಮರಿಗೆ ಮಸೀದಿ ಕಟ್ಟಿದ ಜಾಗಕ್ಕೆ ಮತ್ತೆ ಮುಸ್ಲಿಮರೇ ಬಂದರು. ಈ ಸಲ ತಾವಾಗಿಯೇ, ಯುದ್ಧದಿಂದ ಓಡಿ.

ಹೋಗುವುದು ಹೇಗೆ? ಮಕ್ಕಳನ್ನು ಕರೆದೊಯ್ಯಬಹುದೇ?

ಬರ್ಲಿನ್ನಿನಿಂದ ಪ್ರಾದೇಶಿಕ ರೈಲು, ವ್ಯುನ್ಸ್‌ಡೋರ್ಫ್-ವಾಲ್ಡ್‌ಸ್ಟಾಟ್ ನಿಲ್ದಾಣ, ಒಂದು ಗಂಟೆಯೊಳಗೆ. ಅಲ್ಲಿಂದ ನಡಿಗೆ. ಬಂಕರ್‌ಗಳಿಗೆ ಮಾರ್ಗದರ್ಶಕರ ಜೊತೆಯೇ ಹೋಗಬೇಕು, ವಿವರಣೆ ಬಹುತೇಕ ಜರ್ಮನ್‌ನಲ್ಲಿ. ಬೇಸಿಗೆಯಲ್ಲೂ ಸ್ವೆಟರ್ ಬೇಕು. ಕಾಡಿನಲ್ಲಿ ಕಾಲುದಾರಿ ಬಿಟ್ಟು ಇಳಿಯಬೇಡಿ, ಎಚ್ಚರಿಕೆ ಫಲಕ ಹಾಕಿದ್ದರೆ ಸುಮ್ಮನೆ ಹಾಕಿಲ್ಲ. ಓಡಾಡುವ ವಯಸ್ಸಿನ ಮಕ್ಕಳಿಗೆ ಹುತ್ತದ ಗೋಪುರ ಬಹಳ ಇಷ್ಟವಾಗುತ್ತದೆ, ಬಂಕರಿನ ಕತ್ತಲೆ ಅಷ್ಟಾಗಿ ಅಲ್ಲ.

ಭಾರತೀಯ ಸಿಪಾಯಿಗಳ ಸಮಾಧಿ ನೋಡಬಹುದೇ?

ನೋಡಬಹುದು. ಎಬ್ಬಿಸಿದ ಹಳ್ಳಿ ತ್ಸೇರೆನ್ಸ್‌ಡೋರ್ಫ್ ನೆನಪಿದೆಯಲ್ಲ? ಶಿಬಿರದಲ್ಲಿ ತೀರಿಕೊಂಡವರನ್ನು ಹೂಳಿದ್ದು ಅಲ್ಲಿ. ಮನೆಗಳನ್ನು ಕಳೆದುಕೊಂಡ ಊರು ಮನೆ ತಲುಪದವರಿಗೆ ಜಾಗ ಕೊಟ್ಟಿತು. ತರಬೇತಿ ಮೈದಾನದ ಒಳಗಿದ್ದ ಕಾರಣ ಸೋವಿಯತ್ ಕಾಲದಲ್ಲಿ ಯಾರೂ ಹೋಗುವಂತಿರಲಿಲ್ಲ. ಕಲ್ಲುಗಳು ಬಿದ್ದವು, ಗಿಡಗಂಟಿ ಮುಚ್ಚಿದವು. ಸೇನೆ ಹೋದ ಮೇಲೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ 2003ರಿಂದ 2005ರವರೆಗೆ ಅದನ್ನು ಮತ್ತೆ ಕಟ್ಟಿತು. ಈಗ 206 ಭಾರತೀಯರ ಹೆಸರು ಅಲ್ಲಿವೆ. ಪಕ್ಕದಲ್ಲಿ ರಷ್ಯದ ಸೇನೆಯಲ್ಲಿದ್ದ ತಾತಾರ್ ಮುಸ್ಲಿಮ್ ಕೈದಿಗಳ ಸ್ಮಾರಕವೂ ಇದೆ.

ಮುಖ್ಯ ದಾರಿಯಿಂದ ಕಾಡಿನೊಳಗೆ ಹೋಗಬೇಕು, ಅಂಗಡಿ ಹೋಟೆಲು ಏನೂ ಇಲ್ಲ, ನೀರು ಒಯ್ಯಿರಿ. ನಾವು ಹೋದ ದಿನ ಅತ್ತೆ ಫ್ಲಾಸ್ಕಿನಲ್ಲಿ ಮಜ್ಜಿಗೆ ತಂದಿದ್ದರು. ನಮಗೆಲ್ಲ ಕೊಟ್ಟು, ಉಳಿದದ್ದನ್ನು ಒಂದು ಕಲ್ಲಿನ ಬುಡಕ್ಕೆ ಸುರಿದರು.